ಕಾವಲು ದೇವರಿಗೆ ಆಣೆ ಇಟ್ಟ ಡ್ವಾರ್ಫ್ ಬಾಗಿಲು ಬಿಟ್ಟು ಹೋಗಬಹುದಾ?

ತುಂಗಾ ದಂಡೆ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ನಾವು ಒಂದಷ್ಟು ಜನ ಭಾನುವಾರ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತೇವೆ, ಪೂರ್ತಿ ಕನ್ನಡದಲ್ಲೇ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟ ಇದು. ಆಟ ನಡೆಸುವವನು ನಾನು. ಕಥೆ ಈಗ ಒಂದು ಕಡೆ ಬಂದು ನಿಂತುಬಿಟ್ಟಿದೆ. ನಿಮ್ಮ ಅಭಿಪ್ರಾಯ ಬೇಕು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಡ್ವಾರ್ಫ್ ಅಂದರೆ ಬೆಟ್ಟದೊಳಗೆ ಗಣಿ, ಕುಲುಮೆ ಮಾಡಿಕೊಂಡು ಬದುಕುವ, ಉದ್ದ ಗಡ್ಡದ ಕುಳ್ಳ ಜನ. ಈ ಆಟದಲ್ಲಿ ಡ್ವಾರ್ಫ್‌ಗಳಿಗೆ ಅವರದೇ ದೇವರುಗಳ ಒಂದು ಮನೆತನವೇ ಇದೆ. ಎಲ್ಲರಿಗೂ ಹಿರಿಯ ಮೊರಾಡಿನ್. ಡ್ವಾರ್ಫ್‌ಗಳನ್ನು ತನ್ನ ಕುಲುಮೆಯಲ್ಲಿ ಬಡಿದು ರೂಪಿಸಿ ಜೀವ ಊದಿದವನು ಅವನು. ಅವನ ಹೆಂಡತಿ ಬೆರೊನಾರ್. ಮನೆ, ಒಲೆ, ಸತ್ಯ ಎಲ್ಲ ಅವಳ ಪಾಲು. ಎರಡು ಬೆಳ್ಳಿ ಉಂಗುರ ಅವಳ ಗುರುತು. ಇನ್ನೊಬ್ಬ ಗೋರ್ಮ್ ಗುಲ್ತಿನ್, ಕಾವಲಿನ ದೇವರು. ಕಂಚಿನ ಮುಖವಾಡ, ಕಣ್ಣಿನ ಜಾಗದಲ್ಲಿ ಬೆಂಕಿ. ಅವನು ಕಣ್ಣು ಮುಚ್ಚುವುದೇ ಇಲ್ಲ ಅಂತ ನಂಬಿಕೆ. ಕರ್ತವ್ಯ ಅಂದರೆ ಡ್ವಾರ್ಫ್‌ಗಳಿಗೆ ಮೊದಲು ನೆನಪಾಗುವವನು ಇವನೇ. ನಮ್ಮ ಆಟದಲ್ಲಿ ಆಣೆ ಇಡುವುದೂ ಇವನ ಮುಖವಾಡ ಮುಟ್ಟಿಯೇ.

ಈಗ ಸಮಸ್ಯೆಗೆ ಬರುತ್ತೇನೆ. ನಮ್ಮ ಗುಂಪಿನ ಒಬ್ಬ ಡ್ವಾರ್ಫ್ ಒಂದು ಹಳೇ ಗಣಿಯ ಬಾಗಿಲು ಕಾಯುತ್ತಿದ್ದಾನೆ. ಅವನ ಕುಲದವರೆಲ್ಲ ಯುದ್ಧಕ್ಕೆ ಹೊರಟಾಗ "ನಾವು ವಾಪಸ್ ಬರುವ ತನಕ ಬಾಗಿಲು ಬಿಡಬೇಡ" ಅಂದಿದ್ದರು. ಅವನು ಆಣೆ ಇಟ್ಟ. ಹೋದ ವಾರದ ಆಟದಲ್ಲಿ ಗೊತ್ತಾಯಿತು, ಹೋದವರಲ್ಲಿ ಒಬ್ಬರೂ ಉಳಿದಿಲ್ಲ. ಇನ್ನು ಯಾರೂ ವಾಪಸ್ ಬರುವುದಿಲ್ಲ. ಉಳಿದ ಗುಂಪಿಗೆ ಬೆಟ್ಟ ದಾಟಲೇಬೇಕು, ಆ ಕಡೆ ಒಂದು ಊರು ಕಷ್ಟದಲ್ಲಿದೆ. ಇವನಿಲ್ಲದೆ ದಾಟೋಕೆ ಆಗಲ್ಲ. ಇವನು ಕದಲುವುದಿಲ್ಲ.

"ಆಣೆ ಮುರಿದರೆ ಶಾಪ" ಅಂತ ಒಂದು ಸಾಲು ಬರೆದು ಮುಂದೆ ಹೋಗುವುದು ಸುಲಭ. ಹಾಗೆ ಮಾಡೋಕೆ ಮನಸ್ಸು ಒಪ್ಪುತ್ತಿಲ್ಲ. ಇಂಥ ದೇವರು ಈ ಹೊತ್ತಲ್ಲಿ ಏನು ಹೇಳಬೇಕು? ಮಲೆನಾಡಿನವರು ಆಣೆ, ಹರಕೆ, ಕಾವಲು ಇವುಗಳ ಮಧ್ಯೆಯೇ ಬೆಳೆದವರು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಇಪ್ಪತ್ತು ಮುಖದ ದಾಳ

ಮೊದಲು ಆಟದ ನಿಯಮ ಏನು ಹೇಳುತ್ತದೆ ನೋಡೋಣ. 2014ರ ಐದನೇ ಆವೃತ್ತಿಯಲ್ಲಿ ಪಾಲಡಿನ್ ಅನ್ನುವ ಯೋಧ ಮೂರನೇ ಹಂತಕ್ಕೆ ಬಂದಾಗ ಒಂದು ಪ್ರತಿಜ್ಞೆ ಮಾಡುತ್ತಾನೆ. ಅವನ ಶಕ್ತಿಯೆಲ್ಲ ಅದರಿಂದಲೇ. ಪ್ರತಿಜ್ಞೆಗೆ ತಪ್ಪಿದರೆ ಅದೇ ಪಂಥದ ಕ್ಲೆರಿಕ್ (ಪೂಜಾರಿ) ಹತ್ತಿರ ಅಥವಾ ಇನ್ನೊಬ್ಬ ಪಾಲಡಿನ್ ಹತ್ತಿರ ಹೋಗಿ ಕ್ಷಮೆ ಕೇಳಬಹುದು. ಇಡೀ ರಾತ್ರಿ ಜಾಗರಣೆ ಕೂತು ಪ್ರಾರ್ಥನೆ ಮಾಡಬಹುದು. ಬೇಕಂತಲೇ ಮುರಿದು ಪಶ್ಚಾತ್ತಾಪವೂ ಪಡದವನಿಗೆ ಬೇರೆಯೇ ದಾರಿ ಇದೆ, ಅದು ಕತ್ತಲಿನ ಕಡೆ ಹೋಗುತ್ತದೆ. ಮೂರನೇ ಆವೃತ್ತಿಯಲ್ಲಿ ಪ್ರಾಯಶ್ಚಿತ್ತಕ್ಕೇ ಅಂತ ಒಂದು ಮಂತ್ರ ಇತ್ತು.

ಆದರೆ ಇದೆಲ್ಲ ಆಣೆ ಮುರಿದವನಿಗೆ. ನಿಮ್ಮ ಡ್ವಾರ್ಫ್ ಇನ್ನೂ ಏನೂ ಮುರಿದಿಲ್ಲ ಅಲ್ವಾ? ಅವನು ಪೂರೈಸೋಕೆ ಸಾಧ್ಯವೇ ಇಲ್ಲದ ಮಾತಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ. ಆಣೆ ಹೇಗೆ ಮುಗಿಯುತ್ತದೆ ಅಂತ ನಾನು ಓದಿದ ನಿಯಮಗಳಲ್ಲಿ ಎಲ್ಲೂ ಕಂಡಿಲ್ಲ. ಅದನ್ನು ನೀವೇ ಬರೆಯಬೇಕು.

ಹೊಸನಗರದ ಮಾಣಿ

ತುಂಗಾ ದಂಡೆ ಅಣ್ಣ, ನಮ್ಮ ಕಡೆ ಅಡಿಕೆ ತೋಟದ ಬೇಲಿ ಮೇಲೆ ಒಂದು ಬೋರ್ಡ್ ಇರುತ್ತದೆ ನೋಡಿ. ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ ಅಂತ. ಸಾಗರದಿಂದ ಇಲ್ಲಿ ತನಕ ಎಷ್ಟು ತೋಟಗಳಲ್ಲಿ ಇದೆ ಅಂತ ಲೆಕ್ಕ ಇಡೋಕೆ ಆಗಲ್ಲ. ಬೇಲಿ ಹಾರೋದು ಸುಲಭ, ನಾಯಿಗೆ ಬಿಸ್ಕೆಟ್ ಹಾಕೋದೂ ಸುಲಭ. ಆ ಬೋರ್ಡ್ ದಾಟೋಕೆ ಮಾತ್ರ ಕೈ ನಡುಗುತ್ತದೆ. ಕೊಯ್ಲಿನ ಸಮಯದಲ್ಲಿ ಅಂಗಳದಲ್ಲಿ ಒಣಗೋಕೆ ಹಾಕಿದ ಅಡಿಕೆ ರಾತ್ರಿಯೆಲ್ಲ ಹಾಗೇ ಬಿದ್ದಿರುತ್ತದೆ.

ನಿಮ್ಮ ಕಥೆಗೆ ಇದರಲ್ಲಿ ಒಂದು ವಿಷಯ ಇದೆ. ಕಾವಲು ದೇವರ ಕೆಲಸ ಶಿಕ್ಷೆಯಿಂದ ಶುರುವಾಗಲ್ಲ. ಕದ್ದವನು ಹೆದರಿ ವಾಪಸ್ ತಂದಿಟ್ಟು, ದೇವಸ್ಥಾನಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿದರೆ ಅಲ್ಲಿಗೆ ಮುಗಿಯಿತು. ಮನೆಯವರೂ ಮತ್ತೆ ಆ ಮಾತು ಎತ್ತಲ್ಲ. ದೇವರಿಗೆ ಒಪ್ಪಿಸಿದ ಮೇಲೆ ನಾವು ಮತ್ತೆ ಕೋಲು ಹಿಡಿದು ಹೋಗಬಾರದು ಅಂತ ನಮ್ಮ ಅಜ್ಜ ಹೇಳುತ್ತಿದ್ದರು. ಗೋರ್ಮ್‌ನ ಕಂಚಿನ ಮುಖವಾಡವನ್ನು ಬಾಗಿಲಿಗೆ ತೂಗುಹಾಕಿ ಡ್ವಾರ್ಫ್ ಹೊರಡಬಹುದಲ್ಲ? ಇಷ್ಟು ದಿನ ಇವನು ಕಾದ. ಇನ್ನು ದೇವರೇ ಕಾಯಲಿ.

ತೀರ್ಥಹಳ್ಳಿ ಕಡೆಯವ

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಚೌಡಮ್ಮನಿಗೆ ನಾವು ದೀಪ ಹಚ್ಚುತ್ತೇವೆ. ಅವಳು ಜನ ನಡೆದುಕೊಳ್ಳುವ ದೇವರು. ನಿಮ್ಮ ಗೋರ್ಮ್ ಆಟಕ್ಕಾಗಿ ಯಾರೋ ಕಲ್ಪಿಸಿದ ದೇವರು. ಎರಡನ್ನೂ ಒಂದೇ ತಟ್ಟೆಯಲ್ಲಿ ಇಟ್ಟು ಮಾತಾಡುವಾಗ ಸ್ವಲ್ಪ ಎಚ್ಚರ ಇರಲಿ. ಆಟದಲ್ಲಿ ಚೌಡಮ್ಮನ ಹೆಸರು ತಂದು, ಅವಳಿಗೆ ಅಂಕ ಕೊಟ್ಟು, ದಾಳ ಹಾಕಿ ಸೋಲಿಸಿ ಗೆಲ್ಲಿಸಿ ಮಾಡಬೇಡಿ. ನಮ್ಮ ಮನೆ ಬನದಲ್ಲಿ ಇವತ್ತಿಗೂ ವರ್ಷಕ್ಕೊಮ್ಮೆ ಪೂಜೆ ನಡೆಯುತ್ತದೆ. ಅದನ್ನು ನೋಡಿ ಬೆಳೆದವನಿಗೆ ಇದು ನೋವಾಗುತ್ತದೆ.

ತುಂಗಾ ದಂಡೆ

ತೀರ್ಥಹಳ್ಳಿ ಅಣ್ಣ, ನಿಮ್ಮ ಮಾತು ಪೂರ್ತಿ ಒಪ್ಪಿದೆ. ನಮ್ಮ ಯಾವ ದೇವರ ಹೆಸರನ್ನೂ ಆಟಕ್ಕೆ ತರುವುದಿಲ್ಲ. ಗೋರ್ಮ್ ಗೋರ್ಮ್ ಆಗಿಯೇ ಇರುತ್ತಾನೆ. ಜನ ಆಣೆಯ ಜೊತೆ ಹೇಗೆ ಬದುಕುತ್ತಾರೆ, ಅಷ್ಟನ್ನು ಮಾತ್ರ ಕಲಿಯಬೇಕು.

ಮಾಣಿ, ಮುಖವಾಡ ತೂಗುಹಾಕುವುದು ಚೆನ್ನಾಗಿದೆ. ಆದರೆ ನಮ್ಮ ಡ್ವಾರ್ಫ್ ಕೇಳುವ ಪ್ರಶ್ನೆ ಇದು: "ನಾನು ಇಟ್ಟ ಆಣೆಯನ್ನು ದೇವರ ತಲೆಗೆ ಕಟ್ಟಿ ಹೋಗೋದಾ?" ನನ್ನ ಹತ್ತಿರ ಉತ್ತರ ಇಲ್ಲ.

ಕೆಳದಿ ಓದುಗಿ

ನನಗೆ ಈ ಡ್ವಾರ್ಫ್ ಕಥೆ ಓದುತ್ತಿದ್ದಂತೆ ಕೆಳದಿ ನೆನಪಾಯಿತು. ಸಾಗರದ ಹತ್ತಿರದ ಊರು, ಎಲ್ಲರೂ ನೋಡಿರುತ್ತೀರಿ. ರಾಮೇಶ್ವರ ದೇವಸ್ಥಾನದ ಗಂಡಭೇರುಂಡ ನೋಡಿ ಬರುತ್ತೇವೆ. ಆ ರಾಜ್ಯ ಹುಟ್ಟಿದ ಕಥೆಯನ್ನು ಮಾತ್ರ ಸುಮ್ನೆ ದಾಟಿ ಬಂದುಬಿಡುತ್ತೇವೆ.

ಕಥೆ ಹೀಗಿದೆ. ಚೌಡಪ್ಪ, ಭದ್ರಪ್ಪ ಅಂತ ಅಣ್ಣ ತಮ್ಮ. ಗದ್ದೆ ಕೆಲಸ ಮಾಡುವಾಗ ಅವರಿಗೆ ನಿಧಿ ಸಿಗುತ್ತದೆ. ಆದರೆ ನಿಧಿಗೆ ಬಲಿ ಬೇಕು. ಮನೆಯ ಇಬ್ಬರು ಆಳುಗಳು, ಎಡವ ಮತ್ತು ಮುರಾರಿ, ತಾವೇ ಮುಂದೆ ಬರುತ್ತಾರೆ. ಎಡವನನ್ನು ಯಾದವ ಅಂತಲೂ ಹೇಳುತ್ತಾರೆ. ಅವರು ಕೇಳಿದ್ದು ಒಂದೇ, ತಮ್ಮ ಹೆಸರು ಉಳಿಯಬೇಕು. ಆಮೇಲೆ ಕೆಳದಿ ಅರಸರ ಬಿರುದುಗಳಲ್ಲಿ ಕೋಟೆಕೋಲಾಹಲದ ಜೊತೆ ಎಡವಮುರಾರಿ ಅನ್ನುವುದೂ ಸೇರಿತು. ಕೆಳದಿಯಿಂದ ಇಕ್ಕೇರಿ, ಇಕ್ಕೇರಿಯಿಂದ ಬಿದನೂರು, ರಾಜಧಾನಿ ಬದಲಾದರೂ ಬಿರುದು ಜೊತೆಗೇ ಹೋಯಿತು.

ಬಲಿಯನ್ನು ನಾನು ಹೊಗಳುತ್ತಿಲ್ಲ. ಆ ಭಾಗ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಆಳುಗಳಿಗೆ ಬೇಡ ಅನ್ನುವ ಜಾಗ ಎಷ್ಟಿತ್ತು ಅಂತ. ನಾನು ಹೇಳಬೇಕಾದ್ದು ಎರಡನೇ ಅರ್ಧದ ಬಗ್ಗೆ. ಮಾತು ತೆಗೆದುಕೊಂಡವನ ಮೇಲೂ ಒಂದು ಸಾಲ ಬೀಳುತ್ತದೆ. ಆಳು ತನ್ನ ಪಾಲು ಮುಗಿಸಿದ. ಅರಸ ತನ್ನ ಹೆಸರು ಹೇಳಿಸಿಕೊಳ್ಳುವಾಗಲೆಲ್ಲ ಆ ಸಾಲ ತೀರಿಸುತ್ತಲೇ ಇರಬೇಕು.

ಇದೇ ಮನೆತನದ ಚೆನ್ನಮ್ಮನನ್ನು ನೋಡಿ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಔರಂಗಜೇಬನಿಂದ ತಪ್ಪಿಸಿಕೊಂಡು ಬಂದ. ಅವನಿಗೆ ಆಶ್ರಯ ಕೊಟ್ಟರೆ ಮೊಗಲ್ ಸೈನ್ಯ ಬರುತ್ತದೆ ಅಂತ ಅವಳಿಗೆ ಗೊತ್ತಿತ್ತು. ಕೊಟ್ಟಳು. ಸೈನ್ಯ ಬಂತು. ಅಷ್ಟರಲ್ಲಿ ರಾಜಾರಾಮ ತಮಿಳುನಾಡಿನ ಜಿಂಜಿ ಕೋಟೆ ಕಡೆ ದಾಟಿದ್ದ. ಅವಳು ಅವನನ್ನು ಬಿದನೂರಿನಲ್ಲೇ ಕೂಡಿಹಾಕಿ "ಕಾಪಾಡುತ್ತೇನೆ ಅಂದಿದ್ದೇನೆ" ಅಂತ ಹಟ ಹಿಡಿಯಲಿಲ್ಲ. ಜೀವ ಉಳಿಸಬೇಕಿತ್ತು, ಉಳಿಸಿದಳು, ಮುಂದಕ್ಕೆ ಕಳಿಸಿದಳು.

ಹಾಗಾಗಿ ನನ್ನ ಪ್ರಶ್ನೆ ಡ್ವಾರ್ಫ್‌ಗಲ್ಲ, ಅವನ ಕುಲಕ್ಕೆ. ಬಾಗಿಲು ಕಾಯಿ ಅಂದವರು ಅವನಿಗೆ ಏನು ಮಾತು ಕೊಟ್ಟಿದ್ದರು? ವಾಪಸ್ ಬರುತ್ತೇವೆ ಅಂದಿದ್ದರಲ್ಲ, ಅದೂ ಒಂದು ಮಾತೇ. ಗೋರ್ಮ್ ಅದನ್ನೂ ಕೇಳಿಸಿಕೊಂಡಿರುತ್ತಾನೆ.

ಮಂಡಗದ್ದೆ ಹಕ್ಕಿ

ಡ್ವಾರ್ಫ್‌ಗಳ ಮೂಲ ಇರುವುದು ನಾರ್ಸ್ ಕಥೆಗಳಲ್ಲಿ, ಅಂದರೆ ಉತ್ತರ ಯುರೋಪಿನ ಹಳೇ ಪುರಾಣಗಳಲ್ಲಿ. ಅಲ್ಲಿಂದ ಎರಡು ವಿಷಯ ಹೇಳುತ್ತೇನೆ.

ಒಂದು, ಆಕಾಶವನ್ನು ಹೊತ್ತಿರುವವರು ನಾಲ್ವರು ಡ್ವಾರ್ಫ್‌ಗಳು. ಯಮಿರ್ ಅನ್ನುವ ದೈತ್ಯನ ತಲೆಬುರುಡೆಯೇ ಆಕಾಶ. ಅದರ ನಾಲ್ಕು ಮೂಲೆಯಲ್ಲಿ ನೋರ್ದ್ರಿ, ಸುದ್ರಿ, ಔಸ್ತ್ರಿ, ವೆಸ್ತ್ರಿ ನಿಂತಿದ್ದಾರೆ. ನಾಲ್ಕೂ ದಿಕ್ಕುಗಳೇ. ಇವರು ಯುದ್ಧ ಗೆದ್ದ ಕಥೆ ಇಲ್ಲ, ಮದುವೆಯಾದ ಕಥೆ ಇಲ್ಲ. ನಿಂತಿದ್ದಾರೆ, ಅಷ್ಟೇ. ಡ್ವಾರ್ಫ್ ಅಂದರೆ ಕರ್ತವ್ಯ ಅನ್ನುವ ಭಾವನೆ ನನಗೆ ಬಂದಿದ್ದು ಈ ನಾಲ್ವರಿಂದ. ದಿಕ್ಪಾಲಕರ ಬಗ್ಗೆ ಕೇಳಿ ಬೆಳೆದವರಿಗೆ ಇದು ಬೇಗ ಹತ್ತಿರವಾಗುತ್ತದೆ.

ಎರಡನೆಯದು ಟೀರ್ ದೇವರ ಕಥೆ. ಫೆನ್ರಿರ್ ಅನ್ನುವ ತೋಳವನ್ನು ಕಟ್ಟಿಹಾಕಬೇಕಿತ್ತು. ಎರಡು ಸಂಕೋಲೆ ಕಿತ್ತುಹೋದವು. ಆಮೇಲೆ ದೇವರುಗಳು ಡ್ವಾರ್ಫ್‌ಗಳಿಂದಲೇ ಗ್ಲೀಪ್ನಿರ್ ಅನ್ನುವ ಪಟ್ಟಿ ಮಾಡಿಸಿದರು. ಬೆಕ್ಕಿನ ಹೆಜ್ಜೆ ಸದ್ದು, ಹೆಂಗಸಿನ ಗಡ್ಡ, ಬೆಟ್ಟದ ಬೇರು, ಕರಡಿಯ ನರ, ಮೀನಿನ ಉಸಿರು, ಹಕ್ಕಿಯ ಎಂಜಲು, ಇವುಗಳಿಂದ ಮಾಡಿದ್ದು. ರೇಷ್ಮೆಯಷ್ಟು ನಯ. ತೋಳಕ್ಕೆ ಅನುಮಾನ ಬಂತು. "ಮೋಸ ಇಲ್ಲ ಅನ್ನೋದಾದರೆ ನಿಮ್ಮಲ್ಲಿ ಒಬ್ಬರು ನನ್ನ ಬಾಯಲ್ಲಿ ಕೈ ಇಡಿ" ಅಂತು. ಮೋಸ ಇದೆ ಅಂತ ಎಲ್ಲರಿಗೂ ಗೊತ್ತಿತ್ತು. ಟೀರ್ ಮಾತ್ರ ಕೈ ಇಟ್ಟ. ತೋಳಕ್ಕೆ ಬಿಡಿಸಿಕೊಳ್ಳೋಕೆ ಆಗಲಿಲ್ಲ, ಟೀರ್‌ನ ಕೈ ಹೋಯಿತು.

ಲೋಕ ಉಳಿಸೋಕೆ ಮಾತು ಮುರಿಯಬೇಕಾಗಿ ಬಂತು. ಅದರ ಬೆಲೆಯನ್ನು ಎಲ್ಲರ ಎದುರು, ತನ್ನ ಮೈಯಿಂದ ಕೊಟ್ಟವನು ಒಬ್ಬನೇ. ನಿಮ್ಮ ಡ್ವಾರ್ಫ್ ಬಾಗಿಲು ಬಿಡುವುದಾದರೆ ಪುಕ್ಕಟೆ ಬಿಡಬಾರದು ಅಂತ ನನ್ನ ಅಭಿಪ್ರಾಯ. ಗಡ್ಡ ಕತ್ತರಿಸಿ ಬಾಗಿಲಲ್ಲಿ ಇಡಲಿ. ಡ್ವಾರ್ಫ್‌ಗೆ ಗಡ್ಡಕ್ಕಿಂತ ದೊಡ್ಡ ಕಾಣಿಕೆ ಯಾವುದಿದೆ?

ಕಂಚಿನ ಬಾಗಿಲು

ಆ ಡ್ವಾರ್ಫ್ ಪಾತ್ರ ಆಡುತ್ತಿರುವವನು ನಾನೇ. ತುಂಗಾ ದಂಡೆ ಈ ಚರ್ಚೆಯ ಕೊಂಡಿ ಕಳಿಸಿದ, ಎಲ್ಲ ಓದಿದೆ.

ನನ್ನ ಕಡೆಯಿಂದ ಒಂದು ವಿಷಯ ಹೇಳಬೇಕು. ನಾನು ಹಟಕ್ಕೆ ಕೂತಿಲ್ಲ. ಆಟದ ಮೇಜಿನಲ್ಲಿ ಎಲ್ಲರೂ ನನ್ನ ಆಣೆಯನ್ನು ಒಂದು ಅಡ್ಡಿ ಅಂತಲೇ ನೋಡಿದರು. ಹೇಗೆ ದಾಟಿಸೋದು, ಹೇಗೆ ಒಪ್ಪಿಸೋದು, ಯಾವ ಮಂತ್ರ ಹಾಕೋದು, ಬರೀ ಇದೇ ಮಾತು. ನನ್ನ ಡ್ವಾರ್ಫ್ ಹೆಂಡತಿ ಮಕ್ಕಳನ್ನು ಕಳಿಸಿಕೊಟ್ಟು ಬಾಗಿಲ ಹತ್ತಿರ ಉಳಿದವನು. ಅವರು ಸತ್ತರು ಅಂತ ಗೊತ್ತಾದ ಮೇಲೆ ಒಬ್ಬರೂ ಅವನ ಹತ್ತಿರ ಬಂದು ಕೂರಲಿಲ್ಲ. ಆಣೆ ಬಿಟ್ಟರೆ ಅವನ ಕುಲದಿಂದ ಅವನಿಗೆ ಉಳಿಯುವುದು ಏನು? ಅವರು ಹೇಳಿದ ಕೊನೆಯ ಮಾತು ಅದೊಂದೇ.

ಗಡ್ಡ ಕತ್ತರಿಸುವುದು ನನಗೆ ಒಪ್ಪಿಗೆ ಇಲ್ಲ. ಅದು ತಪ್ಪು ಮಾಡಿದವನು ಕೊಡುವ ದಂಡ. ನನ್ನ ಡ್ವಾರ್ಫ್ ತಪ್ಪು ಮಾಡಿಲ್ಲ.

ತೀರ್ಥಹಳ್ಳಿ ಕಡೆಯವ

ಕಂಚಿನ ಬಾಗಿಲು, ನಿನ್ನ ಮಾತು ಓದಿ ಮತ್ತೆ ಬರೆಯಬೇಕು ಅನಿಸಿತು ಮಾರಾಯ. ಹಳೇ ಕಾಲದಲ್ಲಿ ನಮ್ಮ ನಾಡಿನಲ್ಲಿ ಜೋಳವಾಳಿ, ವೇಳೆವಾಳಿ ಅಂತ ಇತ್ತು. ಅನ್ನ ಕೊಟ್ಟ ಒಡೆಯನಿಗಾಗಿ ಹೋರಾಡುವುದು ಜೋಳವಾಳಿ. ಒಡೆಯ ಸತ್ತರೆ ತಾನೂ ಸಾಯುತ್ತೇನೆ ಅಂತ ಮಾತು ಕೊಟ್ಟವರು ವೇಳೆವಾಳಿಗಳು. ಹೊಯ್ಸಳರಲ್ಲಿ ಅಂಥವರನ್ನು ಗರುಡರು ಅನ್ನುತ್ತಿದ್ದರು. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಪಕ್ಕ ಒಂದು ಕಂಬ ಇದೆ. ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಕಂಬ. ಬಲ್ಲಾಳ ತೀರಿಕೊಂಡಾಗ ಅವನು, ಅವನ ಹೆಂಡತಿ ಸುಗ್ಗಲದೇವಿ, ಜೊತೆಗೆ ಸಾವಿರ ವೀರರು ಮಾತು ಉಳಿಸಿಕೊಂಡರು ಅಂತ ಶಾಸನ ಹೇಳುತ್ತದೆ. ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವ ಚಿತ್ರ ಕಂಬದ ಮೇಲಿದೆ.

ನಮ್ಮ ಜಿಲ್ಲೆಯಲ್ಲಿ ಸೊರಬ, ಶಿಕಾರಿಪುರ ಕಡೆ ಹೋದರೆ ವೀರಗಲ್ಲುಗಳಿಗೆ ಲೆಕ್ಕ ಇಲ್ಲ. ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆ ಅಂಗಳದಲ್ಲೂ ಸಾಲಾಗಿ ನಿಲ್ಲಿಸಿದ್ದಾರೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕೂತಿರುವುದು, ತುದಿಯಲ್ಲಿ ಸೂರ್ಯ ಚಂದ್ರ. ದನ ಬಿಡಿಸಲು ಹೋಗಿ ಸತ್ತವರು, ಊರು ಉಳಿಸಲು ಸತ್ತವರು. ಊರು ಅವರಿಗೆ ಕಲ್ಲು ನಿಲ್ಲಿಸಿತು. ನಿನ್ನ ಡ್ವಾರ್ಫ್ ಮೊದಲು ತನ್ನವರಿಗೆ ಕಲ್ಲು ನಿಲ್ಲಿಸಲಿ. ಗುಂಪಿನವರೂ ಕೈ ಹಾಕಲಿ. ಹೋಗುವ ಮಾತು ಆಮೇಲೆ.

ಕೆಳದಿ ಓದುಗಿ

ಕಲ್ಲು ನಿಲ್ಲಿಸುವ ಮಾತು ತುಂಬ ಸರಿಯಾಗಿದೆ ಅಣ್ಣ. ಆದರೆ ಗರುಡ ಕಂಬವನ್ನು ನಾನು ಈ ದೇವರಿಗೆ ಮಾದರಿಯಾಗಿ ಒಪ್ಪುವುದಿಲ್ಲ. ಒಡೆಯ ಹೋದ, ನಾವೂ ಹೋಗುತ್ತೇವೆ ಅಂದರೆ ಅವನ ಮಕ್ಕಳನ್ನು, ಊರನ್ನು ಕಾಯುವವರು ಯಾರು? ಕಾವಲಿನ ದೇವರಿಗೆ ಅದು ಸೇವೆ ಹೇಗಾಗುತ್ತದೆ? ಗೋರ್ಮ್ ಕಾಯುವುದು ಡ್ವಾರ್ಫ್‌ಗಳನ್ನು. ಕಲ್ಲಿನ ಬಾಗಿಲನ್ನಲ್ಲ. ಬಾಗಿಲ ಹಿಂದೆ ಒಬ್ಬ ಡ್ವಾರ್ಫೂ ಇಲ್ಲದಿದ್ದಾಗ ಕೊನೆಗೆ ಉಳಿದ ಒಬ್ಬನನ್ನು ಅಲ್ಲೇ ಸಾಯಲು ಬಿಡುವ ದೇವರನ್ನು ಕಾವಲು ದೇವರು ಅಂತ ಹೇಗೆ ಕರೆಯೋದು?

ಹಿನ್ನೀರ ಮಗಳು

ಬಾಗಿಲ ಹಿಂದೆ ಯಾರೂ ಇಲ್ಲ ಅನ್ನುವ ಮಾತು ನನ್ನನ್ನು ಹಿಡಿದು ನಿಲ್ಲಿಸಿತು.

ನಮ್ಮ ಅಜ್ಜಿ ಮನೆಯವರು ಶರಾವತಿ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಆಯಿತು, ಊರು ಗದ್ದೆ ತೋಟ ಎಲ್ಲ ನೀರಿನಡಿ ಹೋಯಿತು. ಜನ ಲಾರಿ ಹತ್ತಿ ಶಿವಮೊಗ್ಗ ಕಡೆ, ಶಿಕಾರಿಪುರ ಕಡೆ ಹೋದರು. ಮನೆ ಸಾಮಾನು ಕಟ್ಟಿದ್ದಾಯಿತು, ದನ ಹೊಡೆದುಕೊಂಡು ಹೋಗಿದ್ದಾಯಿತು. ದೇವರದು ಏನು ಮಾಡೋದು? ಗಡಿ ಕಾಯುವ ದೇವರಿಗೆ ವರ್ಷವರ್ಷ ನಡೆದುಕೊಳ್ಳುತ್ತೇವೆ ಅಂತ ಹಿರಿಯರು ಒಪ್ಪಿಕೊಂಡು ಬಂದದ್ದು. ಗಡಿಯೇ ಇಲ್ಲದ ಮೇಲೆ?

ಅಜ್ಜಿ ಹೇಳುತ್ತಿದ್ದದ್ದು ಇಷ್ಟು. ಮನೆಯವರೆಲ್ಲ ಸೇರಿ ದೇವರ ಮುಂದೆ ಕೂತು ಪ್ರಸಾದ ಕೇಳಿದರು. ಬಲಗಡೆ ಹೂ ಬಿದ್ದರೆ ಅಪ್ಪಣೆ ಆಯಿತು ಅಂತ. ಹೂ ಬೀಳೋಕೆ ತುಂಬ ಹೊತ್ತು ಹಿಡಿಯಿತಂತೆ. ಬಿದ್ದ ಮೇಲೆ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ, ಕಾಲಿಗೆ ಚಪ್ಪಲಿ ಇಲ್ಲದೆ ಹೊತ್ತು ತಂದರು. ಹೊಸ ಊರಲ್ಲಿ ಬೇರೆ ಗಡಿ, ಬೇರೆ ಮರ. ದೇವರು ಅದೇ, ನಡೆದುಕೊಳ್ಳುವುದೂ ಅದೇ. ಬೇಸಿಗೆಯಲ್ಲಿ ನೀರು ತುಂಬಾ ಇಳಿದ ವರ್ಷ ಮುಳುಗಿದ ಹಳೇ ಹಿರೇಭಾಸ್ಕರ ಅಣೆಕಟ್ಟೆ ನೀರಿನಿಂದ ಮೇಲೆ ಕಾಣುತ್ತದೆ. ಆಗ ನಮ್ಮ ಮನೆಯವರು ಹಿನ್ನೀರಿನ ದಂಡೆಗೆ ಹೋಗಿ ಹಳೇ ಊರಿನ ದಿಕ್ಕಿಗೆ ಒಂದು ಕೈ ಮುಗಿದು ಬರುತ್ತಾರೆ.

ಅಜ್ಜಿ ಊರು ಬಿಟ್ಟದ್ದು ಮನಸ್ಸಿದ್ದು ಅಲ್ಲ. ಮಾತು ಬಿಟ್ಟೆವು ಅಂತ ಮಾತ್ರ ಅವರು ಯಾವತ್ತೂ ಅಂದುಕೊಳ್ಳಲಿಲ್ಲ. ಕೇಳಿ ಬಂದೆವು ಅನ್ನುತ್ತಿದ್ದರು. ಕಂಚಿನ ಬಾಗಿಲು ಅವರೇ, ನಿಮ್ಮ ಡ್ವಾರ್ಫ್ ಗೋರ್ಮ್‌ನ ಹತ್ತಿರ ಇಲ್ಲಿ ತನಕ ಒಂದು ಸಲವಾದರೂ ಕೇಳಿದ್ದಾನಾ? ಎಲ್ಲರೂ ದೇವರು ಏನು ಮಾಡುತ್ತಾನೆ ಅಂತ ಊಹೆ ಮಾಡುತ್ತಿದ್ದೇವೆ.

ಇಪ್ಪತ್ತು ಮುಖದ ದಾಳ

ಅಕ್ಕ, ಇದು ಆಟಕ್ಕೆ ನೇರ ಹೊಂದುತ್ತದೆ! ಹೂವಿನ ಬದಲು ದಾಳ. ಡ್ವಾರ್ಫ್ ಮುಖವಾಡದ ಮುಂದೆ ರಾತ್ರಿಯೆಲ್ಲ ಜಾಗರಣೆ ಕೂರಲಿ, ಬೆಳಿಗ್ಗೆ ದಾಳ ಹಾಕಲಿ. ಹತ್ತರ ಮೇಲೆ ಬಿದ್ದರೆ ಅಪ್ಪಣೆ.

ಕಂಚಿನ ಬಾಗಿಲು

ಹಿನ್ನೀರ ಮಗಳು ಅಕ್ಕ, ಇಲ್ಲ, ಅವನು ಕೇಳಿಲ್ಲ. ಕೇಳುತ್ತಾನೆ. ಆದರೆ ದಾಳದಿಂದ ತೀರ್ಮಾನ ಆಗುವುದು ಬೇಡ. ಏಳು ಬಿದ್ದರೆ ಏನು ಮಾಡೋದು, ಸಾಯುವ ತನಕ ಅಲ್ಲೇ ಕೂರೋದಾ? ಅಜ್ಜಿ ಮನೆಯವರು ಹೂ ಬೀಳುವ ತನಕ ಕಾದರು. ಒಂದು ಸಲ ಹಾಕಿ ಎದ್ದು ಹೋಗಲಿಲ್ಲ.

ಭದ್ರಾವತಿ ಮೂರನೇ ಪಾಳಿ

ನಾನು ಈ ಆಟ ಆಡಿದವನಲ್ಲ. ಮಗಳು ಆಡುತ್ತಾಳೆ, ಅವಳೇ ಈ ಚರ್ಚೆ ಓದಿ ಹೇಳಿದಳು. ಕಬ್ಬಿಣ, ಕುಲುಮೆ, ಬೆಟ್ಟ ಅಂತ ಕೇಳಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ.

ಭದ್ರಾವತಿ ಕಾರ್ಖಾನೆ ಶುರುವಾದದ್ದು 1923ರಲ್ಲಿ. ಅದಿರು ಕೆಮ್ಮಣ್ಣುಗುಂಡಿ ಬೆಟ್ಟದಿಂದ, ಇದ್ದಿಲು ನಮ್ಮ ಮಲೆನಾಡಿನ ಕಾಡಿನಿಂದ. ನಮ್ಮ ಮನೆಯಲ್ಲಿ ತಂದೆ ಅಲ್ಲಿ ದುಡಿದರು, ನಂತರ ನಾನು. ಫರ್ನೇಸ್ ಅಂದರೆ ಹಗಲು ರಾತ್ರಿ ಉರಿಯಬೇಕು. ಹಬ್ಬ ಅಂತ ಆರಿಸೋಕೆ ಆಗಲ್ಲ. ಒಳಗೆ ತಣ್ಣಗಾದರೆ ಕಬ್ಬಿಣ ಗಟ್ಟಿಯಾಗಿ ಕೂರುತ್ತದೆ, ಮತ್ತೆ ಹಚ್ಚುವುದು ದೊಡ್ಡ ಕಥೆ. ಅದಕ್ಕೇ ಒಂದು ಕಟ್ಟುನಿಟ್ಟು ಇತ್ತು. ರಿಲೀವರ್ ಬರದೆ ಜಾಗ ಬಿಡೋ ಹಾಗಿಲ್ಲ. ನಿಮ್ಮ ಪಾಳಿ ಮುಗಿದಿರಲಿ, ಮನೆಯಲ್ಲಿ ಏನೇ ಇರಲಿ. ಮುಂದಿನವನು ಬರಬೇಕು, ಅವನಿಗೆ ಎಲ್ಲ ಹೇಳಬೇಕು, ಯಾವ ಕಡೆ ಬಿಸಿ ಜಾಸ್ತಿ ಇದೆ, ಯಾವ ವಾಲ್ವ್ ತೊಂದರೆ ಕೊಡುತ್ತಿದೆ, ಪುಸ್ತಕದಲ್ಲಿ ಬರೆಯಬೇಕು. ಆಮೇಲೆ ಹೊರಗೆ. ಬರದಿದ್ದರೆ ಡಬಲ್ ಡ್ಯೂಟಿ.

ನಮ್ಮಪ್ಪ ಇದನ್ನು ಶಿಕ್ಷೆ ಅಂತ ಯಾವತ್ತೂ ಹೇಳಲಿಲ್ಲ. ಇನ್ನೊಂದು ಕಡೆಯಿಂದ ನೋಡಿ. ನಾನು ಬಿಟ್ಟರೆ ಹಿಡಿಯೋಕೆ ಒಬ್ಬ ಬಂದೇ ಬರುತ್ತಾನೆ ಅನ್ನುವ ಧೈರ್ಯದಲ್ಲೇ ನಾವು ಆ ಬೆಂಕಿ ಮುಂದೆ ನಿಲ್ಲುತ್ತಿದ್ದದ್ದು. ಯಾರೂ ಬರಲ್ಲ ಅಂತ ಗೊತ್ತಿದ್ದರೆ ಎಂಟು ಗಂಟೆ ನಿಲ್ಲೋಕೂ ಆಗುತ್ತಿರಲಿಲ್ಲ.

ನಿಮ್ಮ ಡ್ವಾರ್ಫ್‌ನನ್ನು ಕಾವಲಿಗೆ ನಿಲ್ಲಿಸಿದವರು ಮಾಡಿದ ಅನ್ಯಾಯ ಇದೇ. ಒಬ್ಬನನ್ನು ನಿಲ್ಲಿಸಿ ರಿಲೀವರ್ ವ್ಯವಸ್ಥೆ ಮಾಡದೇ ಹೋದರು. ಕರ್ತವ್ಯದ ದೇವರು ಅಂತ ಒಬ್ಬ ಇದ್ದರೆ ಅವನ ಮೊದಲ ಕೆಲಸ ಪಾಳಿ ಬದಲಿಸುವುದು. ಬಾಗಿಲು ಖಾಲಿ ಬಿಡೋದೂ ಬೇಡ, ಇವನು ಅಲ್ಲೇ ಸಾಯೋದೂ ಬೇಡ. ಇನ್ನೊಬ್ಬ ಬರಲಿ. ಬಂದವನಿಗೆ ಇವನು ಎಲ್ಲ ಒಪ್ಪಿಸಿ ಹೋಗಲಿ. ಎಲ್ಲಿಂದ ಬರಬೇಕು ಅಂತ ನನಗೆ ಗೊತ್ತಿಲ್ಲ. ಅದನ್ನು ಹುಡುಕುವುದು ಜೊತೆಯವರ ಕೆಲಸ. ಗೆಳೆಯರು ಅಂದ ಮೇಲೆ ಅಷ್ಟು ಮಾಡಬೇಕಲ್ಲ.

ಹೊಸನಗರದ ಮಾಣಿ

ಮಾರಾಯ್ರೇ, ನಾನು ಹೇಳಿದ ಮುಖವಾಡಕ್ಕಿಂತ ಇದು ಎಷ್ಟೋ ಚೆನ್ನಾಗಿದೆ. ರಿಲೀವರ್ ಹುಡುಕುವ ತನಕ ಇವನು ಮುಡಿಪು ಕಟ್ಟಬಹುದು. ನಮ್ಮ ಮನೆಯಲ್ಲಿ ಹರಕೆ ತಕ್ಷಣ ತೀರಿಸೋಕೆ ಆಗದಿದ್ದರೆ ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರ ಹತ್ತಿರ ಇಡುತ್ತಾರೆ. ಮರೆತಿಲ್ಲ, ಬರುತ್ತೇವೆ ಅಂತ. ಗಡ್ಡ ದಂಡ ಅನಿಸಿದರೆ ಬೇಡ. ಕೊಡಲಿಯನ್ನು ಬಾಗಿಲಲ್ಲಿ ಇಟ್ಟು ಹೊರಡಲಿ, ವಾಪಸ್ ಬಂದು ಬಿಡಿಸಿಕೊಳ್ಳಲಿ.

ತುಂಗಾ ದಂಡೆ

ಭದ್ರಾವತಿ ಸಾರ್, ನಿಮ್ಮ ಮಗಳಿಗೂ ನಿಮಗೂ ಕೈ ಮುಗಿಯುತ್ತೇನೆ. ಕಥೆಗೆ ದಾರಿ ಸಿಕ್ಕಿತು.

ಇದನ್ನೆಲ್ಲ ಸೇರಿಸಿ ಗೋರ್ಮ್‌ನ ನಡೆ ಹೀಗೆ ಬರೆದುಕೊಂಡಿದ್ದೇನೆ. ಅವನ ಮುಂದೆ ಆಣೆ ಇಡುವಾಗ ಇಬ್ಬರೂ ಮುಖವಾಡ ಮುಟ್ಟಬೇಕು, ಮಾತು ಕೊಡುವವನೂ, ತೆಗೆದುಕೊಳ್ಳುವವನೂ. ತೆಗೆದುಕೊಂಡವನು ಯಾವಾಗ ಬಿಡಿಸುತ್ತೇನೆ, ನಾನು ಬರದಿದ್ದರೆ ಯಾರು ಬಂದು ಬಿಡಿಸುತ್ತಾರೆ ಅಂತ ಅಲ್ಲೇ ಹೇಳಬೇಕು. ಹೇಳದೆ ಹೋದರೆ ಆ ಸಾಲ ಅವನ ಕುಲದ ಮೇಲೆ ನಿಲ್ಲುತ್ತದೆ, ಕಾವಲುಗಾರನ ಮೇಲಲ್ಲ. ಅಪ್ಪ ಮಗನ ಪರವಾಗಿ ಆಣೆ ಇಡುವ ಹಾಗಿಲ್ಲ, ಇಟ್ಟರೂ ಗೋರ್ಮ್ ಕೇಳಿಸಿಕೊಳ್ಳುವುದಿಲ್ಲ. ಆ ಇಬ್ಬರು ಆಳುಗಳಿಗೆ ಬೇಡ ಅನ್ನುವ ಜಾಗ ಎಷ್ಟಿತ್ತು ಅಂತ ಕೆಳದಿ ಓದುಗಿ ಅಕ್ಕ ಬರೆದದ್ದು ಓದಿ ಇದನ್ನು ಸೇರಿಸಿದೆ. ಯಾರೂ ಉಳಿಯದೆ ಹೋದಾಗ ಕಾವಲುಗಾರ ನೇರ ದೇವರನ್ನೇ ಕೇಳಬಹುದು. ಉತ್ತರ ಬರುವ ತನಕ ಜೊತೆಯವರು ಅವನ ಪಕ್ಕ ಕೂರಬೇಕು. ಅಲ್ಲಿ ದಾಳ ಇಲ್ಲ. ಆ ರಾತ್ರಿ ಆಟದಲ್ಲಿ ಎಲ್ಲರೂ ಸತ್ತವರ ಬಗ್ಗೆ ಒಂದೊಂದು ಮಾತು ಕೇಳಬೇಕು, ಡ್ವಾರ್ಫ್ ಹೇಳಬೇಕು. ಮೇಜಿನಲ್ಲಿ ಇದಕ್ಕೆ ಎಷ್ಟು ಹೊತ್ತು ಹಿಡಿದರೂ ಸರಿ.

ರಿಲೀವರ್ ಯಾರು ಅಂತಲೂ ಯೋಚನೆ ಬಂದಿದೆ. ಬೆಟ್ಟದ ಆಚೆ ಕಷ್ಟದಲ್ಲಿರುವ ಊರಿನಲ್ಲಿ ನೆಲೆ ಕಳೆದುಕೊಂಡ ಡ್ವಾರ್ಫ್ ಕುಟುಂಬಗಳಿವೆ ಅಂತ ಮೊದಲೇ ಕಥೆಯಲ್ಲಿ ಬರೆದಿದ್ದೆ. ಅವರಿಗೆ ಮನೆ ಬೇಕು. ಗಣಿ ಖಾಲಿ ಇದೆ. ಅವರನ್ನು ಕರೆತರಲು ಹೋಗುವುದೂ ಕಾವಲಿನ ಕೆಲಸವೇ ಆಗುತ್ತದೆ. ಕೊಡಲಿ ಮುಡಿಪಾಗಿ ಬಾಗಿಲಲ್ಲಿ ಇರುತ್ತದೆ.

ಕಂಚಿನ ಬಾಗಿಲು, ನಿನಗೆ ಒಪ್ಪಿಗೆಯಾ?

ಕಂಚಿನ ಬಾಗಿಲು

ಒಪ್ಪಿಗೆ. ಎರಡು ಷರತ್ತು. ತೀರ್ಥಹಳ್ಳಿ ಅಣ್ಣ ಹೇಳಿದ ಹಾಗೆ ಹೊರಡುವ ಮೊದಲು ಕಲ್ಲು ನಿಲ್ಲಬೇಕು, ಗುಂಪಿನ ಎಲ್ಲರೂ ಕೈ ಹಾಕಿ ಎತ್ತಬೇಕು. ಮತ್ತೆ, ಹೊಸದಾಗಿ ಬಂದವರಿಗೆ ನಾನು ಪಾಳಿ ಒಪ್ಪಿಸುವಾಗ ಬರೀ ಬೀಗದ ಕೈ ಕೊಡಲ್ಲ. ಹೋದವರ ಹೆಸರು ಅಷ್ಟೂ ಅವರ ಬಾಯಿಂದ ನನಗೆ ಕೇಳಬೇಕು. ಅವರಲ್ಲಿ ಕಲಿಯೋಕೆ ಮನಸ್ಸಿಲ್ಲದವರು ಇದ್ದರೆ ಅವರು ಗಣಿಯಲ್ಲಿ ಇರಲಿ, ಬಾಗಿಲಿಗೆ ಬೇರೆಯವರನ್ನು ನೋಡೋಣ.

ಹೆಸರುಗಳನ್ನು ನಾನು ಬರೆದು ತರ್ತೀನಿ, ಕುಲದ ಪಟ್ಟಿ ನನ್ನ ಹತ್ತಿರವೇ ಇದೆ. ಈ ಭಾನುವಾರ ಸ್ವಲ್ಪ ಬೇಗ ಸೇರೋಣ. ಇದಕ್ಕೆ ಹೊತ್ತು ಬೇಕು.

ಭದ್ರಾವತಿ ಮೂರನೇ ಪಾಳಿ

ಹೆಸರಿನ ಜೊತೆ ಬಾಗಿಲಿನ ಬಗ್ಗೆಯೂ ಬರೆದಿಡಪ್ಪ. ಯಾವ ಕೀಲು ಬಿಗಿ, ಮಳೆಗಾಲದಲ್ಲಿ ನೀರು ಎಲ್ಲಿಂದ ಒಳಗೆ ಬರುತ್ತದೆ, ರಾತ್ರಿ ಯಾವ ಸದ್ದಿಗೆ ಎದ್ದು ನೋಡಬೇಕು, ಯಾವುದಕ್ಕೆ ಬೇಡ. ಹೊಸಬರಿಗೆ ಮೊದಲ ದಿನ ಬೇಕಾಗುವುದು ಅದು.